ಸಿಹಿಕಹಿ ಗೀತಾ: ಹಾಸ್ಯವೇ ಮನೆತನದ ಹೆಸರಾದ ಬಗೆ

ನವೆಂಬರ್ ಬಂತೆಂದರೆ ಹೈದರಾಬಾದಿನ ಕನ್ನಡಿಗರಾದ ನಾವು ಕವಿಗಳನ್ನೂ ಏಕೀಕರಣಕ್ಕೆ ದುಡಿದ ಹಿರಿಯರನ್ನೂ ಸ್ಮರಿಸುತ್ತೇವೆ. ಅದು ಯೋಗ್ಯವೇ ಸರಿ. ಆದರೆ ಊರು ಬಿಟ್ಟು ಬಂದ ಸಂಸಾರಗಳ ನಡುಮನೆಯಲ್ಲಿ ದಿನದಿನವೂ ಕನ್ನಡ ಕೇಳಿಸುವಂತೆ ಮಾಡಿದವರು ಕಿರುತೆರೆಯ ಕಲಾವಿದೆಯರು. ಅವರಲ್ಲೊಬ್ಬರನ್ನು ಈ ಸಲ ನೆನೆಯೋಣ.

ಕನ್ನಡ ಕಿರುತೆರೆಗೂ ನಮ್ಮ ಈ ನಗರಕ್ಕೂ ಹಳೆಯ ನಂಟುಂಟು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ತಲುಪಿತು. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗರಿಗಾಗಿ ಕನ್ನಡ ಕಾರ್ಯಕ್ರಮಗಳನ್ನು ಸಿದ್ಧಪಡಿಸಿದ್ದು ಹೈದರಾಬಾದಿನ ಕೇಂದ್ರ. 1977ರಲ್ಲಿ ಗುಲ್ಬರ್ಗಾ ಕೇಂದ್ರವೂ ತರುವಾಯ ಬೆಂಗಳೂರು ಕೇಂದ್ರವೂ ಬಂದವು.

ಆ ಬೆಂಗಳೂರು ದೂರದರ್ಶನದಲ್ಲಿ 1980ರ ದಶಕದಲ್ಲಿ ‘ಸಿಹಿಕಹಿ’ ಎಂಬ ಹಾಸ್ಯ ಧಾರಾವಾಹಿ ಬಂತು. ಅದರಲ್ಲಿ ಗೀತಾ ಮತ್ತು ಚಂದ್ರಶೇಖರ್ ಜೊತೆಯಾಗಿ ನಟಿಸಿದರು. ಮುಂದೆ ಇಬ್ಬರೂ ಬಾಳಿನಲ್ಲಿಯೂ ಸತಿಪತಿಗಳಾದರು. ಗುಬ್ಬಿ ವೀರಣ್ಣನವರಿಗೆ ಊರು ಹೆಸರಾಯಿತು. ಈ ದಂಪತಿಗಳಿಗೆ ಧಾರಾವಾಹಿಯೇ ಹೆಸರಾಯಿತು. ಅಂದಿನಿಂದ ಅವರು ನಾಡಿಗೆಲ್ಲ ಸಿಹಿಕಹಿ ಗೀತಾ, ಸಿಹಿಕಹಿ ಚಂದ್ರು. ಆ ಧಾರಾವಾಹಿಯನ್ನು ನೋಡದ ಎಳೆಯರೂ ಇಂದು ಅವರನ್ನು ಅದೇ ಹೆಸರಿನಿಂದ ಬಲ್ಲರು. ಗೀತಾ ಅವರು ಸಂಸಾರವನ್ನೂ ನಟನೆಯನ್ನೂ ಜೊತೆಗೇ ತೂಗಿಸಿಕೊಂಡು ಬಂದರು. ಮಗಳು ಹಿತಾ ಚಂದ್ರಶೇಖರ್ ಕೂಡ ನಟಿಯೇ.

ಹೈದರಾಬಾದಿನ ನಂಟು ಮತ್ತೆ ಚಿಗುರಿದ್ದು 2000ದ ಡಿಸೆಂಬರಿನಲ್ಲಿ. ಇಲ್ಲಿಯ ರಾಮೋಜಿರಾಯರ ಸಂಸ್ಥೆ ಈಟಿವಿ ಕನ್ನಡ ವಾಹಿನಿಯನ್ನು ಆರಂಭಿಸಿತು. ಅದರಲ್ಲಿ ಚಂದ್ರು ಅವರ ‘ಪಾಪ ಪಾಂಡು’ ಮನೆಮಾತಾಯಿತು. ಚಿದಾನಂದ್ ಅವರ ಪಾಂಡುವನ್ನೂ ಶಾಲಿನಿಯವರ ಶ್ರೀಮತಿಯನ್ನೂ ಕಂಡು ನಗದವರಾರು? ಆ ವಾಹಿನಿ 2015ರಲ್ಲಿ ಕಲರ್ಸ್ ಕನ್ನಡವೆಂದು ಹೆಸರು ಬದಲಿಸಿಕೊಂಡಿತು.

ಇಲ್ಲಿ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಾಸ್ಯ ಧಾರಾವಾಹಿ ನೋಡುವ ಮಕ್ಕಳನ್ನು ನಾವು ಗದರಿದ್ದುಂಟು. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ದಖನಿ ಉರ್ದು. ನಡುವೆ ಕನ್ನಡ ಕಲಿಯಲೆಂದು ವರ್ಣಮಾಲೆ ಬರೆಸಿದೆವು. ಅಕ್ಷರವೇನೋ ಬಂತು. ಆದರೂ ರಜೆಗೆ ಊರಿಗೆ ಹೋದಾಗ ಅಜ್ಜಿಯ ಕುಚೋದ್ಯ ಅರ್ಥವಾಗದೆ ಮಕ್ಕಳು ಮಿಕಿಮಿಕಿ ನೋಡುತ್ತಿದ್ದರು. ಸಭೆಯ ಕನ್ನಡವೇ ಬೇರೆ, ಗಂಡ ಹೆಂಡಿರು ಹುಸಿಮುನಿಸು ತೋರುವ ಕನ್ನಡವೇ ಬೇರೆ. ಎರಡನೆಯದನ್ನು ಯಾವ ಪಠ್ಯವೂ ಕಲಿಸಲಾರದು. ಕಲಿಸಿದವರು ಈ ಕಲಾವಿದರು. ಅವರನ್ನು ನೋಡುತ್ತ ಬೆಳೆದ ಮಕ್ಕಳು ಅಜ್ಜಿಯ ಮಾತಿಗೆ ತಿರುಗಿ ಮಾತು ಕೊಡುವಷ್ಟು ಚುರುಕಾದರು.

ಬರೆಯಬಲ್ಲ ಭಾಷೆ ಕಪಾಟಿನಲ್ಲಿಯೂ ಬದುಕೀತು. ನಗಬಲ್ಲ ಭಾಷೆ ಮಾತ್ರ ಮನೆಯಲ್ಲಿ ಬದುಕುತ್ತದೆ. ಸೋದರ ಸೋದರಿಯರೇ, ಈ ರಾಜ್ಯೋತ್ಸವದ ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳಿಗೆ ಉಪದೇಶ ಬೇಡ. ಕನ್ನಡದಲ್ಲಿ ಒಂದು ನಗೆಮಾತು ಹೇಳೋಣ.