ಚಾಂಪಿಯನ್ ರೀಫ್ಸ್‌ನ ಕಬ್ಬಿಣದ ಕೊಳವೆಗಳು

ಹವ್ಯಾಸಿ ರೇಡಿಯೊದವರು ಮನೆಯಲ್ಲೇ ಆಂಟೆನಾ ಕಟ್ಟುವಾಗ ಗುಜರಿ ಅಂಗಡಿಯ ಅಲ್ಯೂಮಿನಿಯಂ ಸರಳನ್ನು ನೆಚ್ಚಬಹುದು. 145 ಮೆಗಾಹರ್ಟ್ಸ್ ತರಂಗಕ್ಕೆ ಅದರ ಅರ್ಧ ಅಲೆಯುದ್ದ, ಅಂದರೆ ಸುಮಾರು 1 ಮೀಟರ್ ಸರಳು ಸಾಕು, ಅಳತೆ ಸರಿಯಿದ್ದರೆ ಲೋಹದ ಪೂರ್ವಾಪರವನ್ನು ಯಾರೂ ವಿಚಾರಿಸುವುದಿಲ್ಲ. ಸಾಧಾರಣ ಲೋಹದಿಂದ ಅತಿಸೂಕ್ಷ್ಮ ಗ್ರಾಹಕವನ್ನು ಕಟ್ಟುವ ಈ ಜಾಣ್ಮೆ ಕರ್ನಾಟಕದಲ್ಲಿ ಅತಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿದ್ದು ಕೋಲಾರ ಚಿನ್ನದ ಗಣಿಗಳ ಚಾಂಪಿಯನ್ ರೀಫ್ಸ್‌ನಲ್ಲಿ, ಅದೂ ಆಕಾಶದ ಕೆಳಗಲ್ಲ, ನೆಲದಿಂದ 2.3 ಕಿ.ಮೀ. ಆಳದಲ್ಲಿ.

ವಾತಾವರಣದಲ್ಲಿ ಹುಟ್ಟಿ ಬಂಡೆಯನ್ನೂ ತೂರಿ ಬರುವ ಮ್ಯೂಆನ್ ಎಂಬ ಕಣಗಳ ಅಧ್ಯಯನವನ್ನು ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲೇ ಈ ಗಣಿಗಳಲ್ಲಿ ಕೈಗೊಂಡಿದ್ದರು. ಮುಂದಿನ ದಶಕದ ಹೊತ್ತಿಗೆ ಇನ್ನೂ ಆಳಕ್ಕಿಳಿದ ಉಪಕರಣಗಳು ವಾರಗಟ್ಟಲೆ ಒಂದು ಮ್ಯೂಆನನ್ನೂ ದಾಖಲಿಸದಿದ್ದಾಗ, ಆ ನಿಶ್ಶಬ್ದವೇ ಬೇರೊಂದು ಬೇಟೆಗೆ ತಕ್ಕ ತಾಣವೆಂಬುದು ವಿಜ್ಞಾನಿಗಳಿಗೆ ಹೊಳೆಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕ ಸಿಟಿ ಮತ್ತು ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ಅಲ್ಲಿ 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು ಹಿಡಿಯಿತು. ನ್ಯೂಟ್ರಿನೊ ಎಂದರೆ ವಿದ್ಯುದಂಶವಿಲ್ಲದ, ಭೂಮಿಯನ್ನೇ ಹಾದುಹೋಗಬಲ್ಲ ಕಣ.

ಕಬ್ಬಿಣದ ಪಾತ್ರ ನಿಜವಾಗಿ ಹಿರಿದಾದದ್ದು 1980ರಲ್ಲಿ, ಭಾರತ ಮತ್ತು ಜಪಾನಿನ ತಂಡ ಪ್ರೋಟಾನು ತಾನಾಗಿಯೇ ಒಡೆಯುವುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದಾಗ. ಸುಮಾರು 10 ಸೆಂ.ಮೀ. ಚೌಕದ ಕಬ್ಬಿಣದ ಕೊಳವೆಗಳನ್ನು 34 ಪದರಗಳಲ್ಲಿ, ಒಂದು ಪದರ ಉದ್ದಕ್ಕೆ ಮತ್ತೊಂದು ಅಡ್ಡಕ್ಕೆ ಬರುವಂತೆ ಪೇರಿಸಿ, ನಡುವೆ ಕಬ್ಬಿಣದ ಹಲಗೆಗಳನ್ನಿಟ್ಟು ಸುಮಾರು 140 ಟನ್ನಿನ ಶೋಧಕವನ್ನು ಕಟ್ಟಲಾಯಿತು. ಪ್ರತಿ ಕೊಳವೆಯ ಮಧ್ಯದಲ್ಲಿ ಒಂದು ತೆಳು ತಂತಿ, ಸುತ್ತ ಆರ್ಗಾನ್ ಮತ್ತು ಮೀಥೇನ್ ಅನಿಲದ ಮಿಶ್ರಣ. ವಿದ್ಯುದಂಶವುಳ್ಳ ಕಣ ಹಾದಾಗ ಅನಿಲ ಅಯಾನುಗಳಾಗಿ ತಂತಿಯಲ್ಲಿ ಕಿರು ಮಿಡಿತ ಏಳುತ್ತಿತ್ತು. ಈ ರಚನೆಯ ಸೊಗಸು ಇರುವುದು ಕೊಳವೆಯ ಗೋಡೆಯಲ್ಲೇ: ಯಾವ ಪ್ರೋಟಾನುಗಳ ಸಾವಿಗಾಗಿ ಕಾಯಬೇಕೋ ಅವು ಆ ಕಬ್ಬಿಣದೊಳಗೇ ಇದ್ದವು, ಆದ್ದರಿಂದ ಪಾತ್ರೆಯೇ ಪದಾರ್ಥವೂ ಆಯಿತು. ಎಲ್ಲವೂ ಶಾಫ್ಟಿನ ಮೂಲಕವೇ ಕೆಳಗಿಳಿಯಬೇಕಾಗಿದ್ದಲ್ಲಿ, ತುಂಡು ತುಂಡಾಗಿ ಒಯ್ದು ಜೋಡಿಸಬಲ್ಲ ಕೊಳವೆಗಿಂತ ಅನುಕೂಲವಾದದ್ದನ್ನು ಊಹಿಸುವುದು ಕಷ್ಟ.

ಪ್ರೋಟಾನು ಒಡೆದಿರಬಹುದಾದ ಕೆಲವು ಘಟನೆಗಳನ್ನು ತಂಡ ವರದಿ ಮಾಡಿತಾದರೂ, ಅಮೆರಿಕ ಮತ್ತು ಜಪಾನಿನ ಇನ್ನೂ ಬೃಹತ್ತಾದ ನೀರಿನ ಶೋಧಕಗಳು ಅದನ್ನು ಪುಷ್ಟೀಕರಿಸಲಿಲ್ಲ. 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ತಮಿಳುನಾಡಿನ ಬೋಡಿ ಬೆಟ್ಟಗಳಲ್ಲಿ ಆನಂತರ ಯೋಜಿಸಲಾದ ನ್ಯೂಟ್ರಿನೊ ವೀಕ್ಷಣಾಲಯದ 50,000 ಟನ್ನಿನ ಶೋಧಕಕ್ಕೂ ಆಯ್ಕೆಯಾದ ಲೋಹ ಕಬ್ಬಿಣವೇ.