ಯಾರ ಸಹಿ?

ಸದರ್‌ನಲ್ಲಿ ಆಟೋ ಹತ್ತಿ "ಪಾಗಲ್‌ಖಾನಾ ಚೌಕ್" ಅನ್ನಿ, ಯಾವ ಆಟೋದವನೂ ಎರಡನೇ ಸಲ ಕೇಳುವುದಿಲ್ಲ. ಅಲ್ಲಿರುವುದು ಪ್ರಾದೇಶಿಕ ಮನೋರುಗ್ಣಾಲಯ. ಸರ್ಕಾರ ಬೋರ್ಡು ಬದಲಾಯಿಸಿ ಎಷ್ಟೋ ಕಾಲವಾದರೂ ಊರಿನ ಬಾಯಿ ಬದಲಾಗಿಲ್ಲ. ನಾನು ವರ್ಗವಾಗಿ ನಾಗಪುರಕ್ಕೆ ಬಂದು ಕಾಲು ಶತಮಾನ ದಾಟಿತು. ನನ್ನ ಬಾಯಲ್ಲೂ ಅದೇ ಹೆಸರು ಕೂತುಬಿಟ್ಟಿದೆ.

ಈ ಆಸ್ಪತ್ರೆ ಶುರುವಾದದ್ದು 1864ರಲ್ಲಿ. ಅದಕ್ಕೆ ಆರು ವರ್ಷ ಮುಂಚೆ, 1858ರಲ್ಲಿ, ಬ್ರಿಟಿಷರು ಹುಚ್ಚಾಸ್ಪತ್ರೆಗಳಿಗೆಂದೇ ಒಂದು ಕಾಯಿದೆ ಮಾಡಿದ್ದರು. 1912ರಲ್ಲಿ ಅದರ ಜಾಗಕ್ಕೆ ಇಂಡಿಯನ್ ಲೂನಸಿ ಆಕ್ಟ್ ಬಂತು. ಅದರ ಕ್ರಮ ನಮ್ಮಂಥ ಕಾಗದಪತ್ರದ ಜನಕ್ಕೆ ಚೆನ್ನಾಗಿ ಅರ್ಥವಾಗುತ್ತದೆ. ಸಂಬಂಧಿಕರ ಅರ್ಜಿ, ಇಬ್ಬರು ವೈದ್ಯರ ಸರ್ಟಿಫಿಕೇಟು, ಕೊನೆಗೆ ಮ್ಯಾಜಿಸ್ಟ್ರೇಟರ ಆದೇಶ. ಎಲ್ಲರ ಸಹಿಯೂ ಇತ್ತು, ಒಳಗೆ ಹೋಗುವವನದೊಂದು ಬಿಟ್ಟು! ತಾನಾಗಿಯೇ ಬಂದು ಸೇರುವವರಿಗೂ ಕಾಯಿದೆಯಲ್ಲಿ ದಾರಿಯಿತ್ತು, ಆದರೆ ರಾಜಮಾರ್ಗ ಮಾತ್ರ ಇದೇ.

ಆಗ ಡಾಕ್ಟರ ಕೈಯಲ್ಲಾದರೂ ಏನಿತ್ತು ಹೇಳಿ? ಸ್ಕಿಜೋಫ್ರೀನಿಯಾ ಎಂಬ ಹೆಸರನ್ನು ಸ್ವಿಟ್ಜರ್‌ಲೆಂಡಿನ ಬ್ಲಾಯ್ಲರ್ ಕೊಟ್ಟದ್ದೇ 1908ರಲ್ಲಿ. ಹೆಸರು ಬಂತು, ಔಷಧ ಬರಲಿಲ್ಲ.

ಔಷಧದ ಕಥೆಯಲ್ಲಿ ಮೊದಲ ಹೆಜ್ಜೆ ನಮ್ಮ ದೇಶದ್ದೇ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅವರು ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಉಪಯುಕ್ತ ಎಂದು ಲೇಖನ ಬರೆದರು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದ್ದು ಸ್ವಿಸ್ ಕಂಪನಿಯೊಂದರ ವಿಜ್ಞಾನಿಗಳು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಝೀನ್ ಕೊಟ್ಟು ನೋಡಿದರು. ಕೂಗಾಡುತ್ತಿದ್ದ ವಾರ್ಡುಗಳು ತಣ್ಣಗಾದವು. ಇಂದಿನ ಮಾತ್ರೆಗಳೆಲ್ಲ ಈ ಎರಡನೆಯದರ ಹಿಂದೆ ಬಂದವು.

ಇಲ್ಲಿ ಒಂದು ಸಂಗತಿ ಗಮನಿಸಿ. ಮಾತ್ರೆ ಬಂದಮೇಲೆ ರೋಗಿ ಮನೆಗೆ ಹೋಗಬಹುದಾಯಿತು. ಮನೆಗೆ ಹೋದಮೇಲೆ ಮಾತ್ರೆ ಯಾರ ಕೈಗೆ ಬಂತು? ರೋಗಿಯ ಕೈಗೆ! ನುಂಗುವುದೂ ಅವನೇ, ಕಿಟಕಿಯಿಂದ ಎಸೆಯುವುದೂ ಅವನೇ. ಅವನನ್ನು ಕೇಳದೆ ಚಿಕಿತ್ಸೆ ನಡೆಸುವ ಕಾಲ ಮುಗಿದದ್ದು ಯಾವ ಕಾಯಿದೆಯಿಂದಲೂ ಅಲ್ಲ, ಆ ಮಾತ್ರೆಯಿಂದ ಅಂತ ನನ್ನ ಲೆಕ್ಕ.

ಇದನ್ನು ಬೇಗ ಕಂಡುಕೊಂಡವರು ನಮ್ಮ ದೇಶದ ವೈದ್ಯರು. ಐವತ್ತರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಕಾಯಿಲೆ ಅಂದರೇನು, ಔಷಧ ಏಕೆ ಬೇಕು ಎಂದು ಎಲ್ಲರಿಗೂ ಕೂತು ಹೇಳಿದರು. ನಮ್ಮ ಕಡೆ, 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಹಳೆಯ ಮಾನಸಿಕ ಆಸ್ಪತ್ರೆಯ ಜೊತೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿನವರು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು, ಊರ ಹತ್ತಿರವೇ ಔಷಧ ಸಿಗುವಂತೆ ಮಾಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ!

ಇನ್ನು ಮನೆಯ ಮಾತು. ಹುಬ್ಬಳ್ಳಿಯಲ್ಲಿ ನನ್ನ ಚಿಕ್ಕಪ್ಪನ ಮಗನೊಬ್ಬನಿಗೆ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಈ ಕಾಯಿಲೆ ಬಂತು. ಮಾತ್ರೆಯಿಂದ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತವು, ಕೈ ಮಾತ್ರ ನಡುಗತೊಡಗಿತು. ಒಂದು ದಿನ ತನ್ನದೇ ಖಾತೆಯಿಂದ ಹಣ ತೆಗೆಯಲು ಬ್ಯಾಂಕಿಗೆ ಹೋದ. ಸಹಿ ತಾಳೆಯಾಗಲಿಲ್ಲ. ಕೌಂಟರಿನವರು ಎಲ್ಲರೆದುರು ಮೂರು ಸಲ ಸಹಿ ಹಾಕಿಸಿ, ಫಾರಂ ವಾಪಸು ಕೊಟ್ಟರಂತೆ. (ಯಾವ ಬ್ಯಾಂಕು ಅನ್ನುವುದು ಇಲ್ಲಿ ಬೇಡ.) ಅವನು ಯಾರಿಗೂ ಹೇಳದೆ ಮಾತ್ರೆ ಬಿಟ್ಟ. ಕೈ ನೆಟ್ಟಗಾಯಿತು, ಸಹಿಯೂ ನೆಟ್ಟಗಾಯಿತು. ಎರಡು ತಿಂಗಳೊಳಗೆ ದನಿಗಳು ವಾಪಸು ಬಂದವು.

"ಹಟಮಾರಿ, ಮಾತ್ರೆ ನುಂಗುವುದಿಲ್ಲ" ಅಂತ ಮನೆಯವರು ಡಾಕ್ಟರಿಗೆ ದೂರು ಹೇಳಿದರು. ಆ ಡಾಕ್ಟರು ದೊಡ್ಡವರು, ಬೈಯಲಿಲ್ಲ. "ಯಾಕಪ್ಪಾ ಬಿಟ್ಟೆ?" ಅಂತ ಅವನನ್ನೇ ಕೇಳಿದರು. ಅವನು "ಸಹಿ ಸರ್" ಅಂದ. ಅಷ್ಟೇ. ಡೋಸು ನಿಧಾನವಾಗಿ ಇಳಿಸಿ, ನಡುಕಕ್ಕೆ ಬೇರೆ ಮಾತ್ರೆ ಸೇರಿಸಿದರು. ಈಗ ಅವನಿಗೆ ನಲವತ್ತೆಂಟು. ಅಣ್ಣನ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾನೆ.

ನಡುಕ, ಬಿಗಿತ, ಕೂತಲ್ಲಿ ಕೂರಲಾಗದ ಚಡಪಡಿಕೆ ಇವು ಹಳೆಯ ಮಾತ್ರೆಗಳಲ್ಲಿ ಹೆಚ್ಚು. ಹೊಸ ಮಾತ್ರೆಗಳಲ್ಲಿ ಕೆಲವು ತೂಕ, ಸಕ್ಕರೆ ಏರಿಸುತ್ತವೆ. ಹೆಚ್ಚಿನದಕ್ಕೆ ಡಾಕ್ಟರ ಹತ್ತಿರ ಏನಾದರೊಂದು ದಾರಿಯಿದೆ, ಆದರೆ ಹೇಳಿದರೆ ತಾನೇ! ತಾನಾಗಿ ಒಮ್ಮೆಲೇ ನಿಲ್ಲಿಸುವುದು ಮಾತ್ರ ಅಪಾಯ. ಕಾಯಿಲೆ ಮರುಕಳಿಸುವುದಕ್ಕೆ ದೊಡ್ಡ ಕಾರಣವೇ ಅದು.

ಒಟ್ಟಾಗಿ ನಡೆದರೆ ಏನು ಸಾಧ್ಯ ಎನ್ನುವುದಕ್ಕೆ ಕ್ಲೋಝಪಿನ್ ಮಾತ್ರೆಯ ಕಥೆಯೇ ಸಾಕ್ಷಿ. 1975ರಲ್ಲಿ ಫಿನ್‌ಲೆಂಡಿನಲ್ಲಿ ಕೆಲವು ರೋಗಿಗಳು ಬಿಳಿ ರಕ್ತಕಣ ಕುಸಿದು ಸತ್ತರು. ಔಷಧ ಮೂಲೆಗೆ ಬಿತ್ತು. 1988ರಲ್ಲಿ ಅಮೆರಿಕದ ಜಾನ್ ಕೇನ್ ಮತ್ತು ಸಂಗಡಿಗರು, ಬೇರೆ ಮಾತ್ರೆಗಳಿಗೆ ಬಗ್ಗದ ರೋಗಿಗಳಿಗೂ ಇದು ಕೆಲಸ ಮಾಡುತ್ತದೆ ಎಂದು ತೋರಿಸಿದರು. ಔಷಧ ಮತ್ತೆ ಬಂತು, ಒಂದು ಷರತ್ತಿನ ಮೇಲೆ: ನಿಯಮಿತ ರಕ್ತಪರೀಕ್ಷೆ. ಬಹಳ ಕಡೆ ರೂಢಿಯಾದ ಕ್ರಮದಲ್ಲಿ ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಡಾಕ್ಟರು ಬರೆಯಬೇಕು, ರೋಗಿ ತೋಳು ಚಾಚಬೇಕು, ಮನೆಯವರು ಜ್ವರ, ಗಂಟಲುನೋವಿನ ಮೇಲೆ ಕಣ್ಣಿಡಬೇಕು. ಮೂವರಲ್ಲಿ ಒಬ್ಬರು ತಪ್ಪಿದರೂ ಲೆಕ್ಕ ತಾಳೆಯಾಗದು.

ನನ್ನ ತಮ್ಮನ ಮನೆಯಲ್ಲಿ ನೂರು ಪುಟದ ಒಂದು ನೋಟುಬುಕ್ಕಿದೆ. ತಾರೀಖು, ನಿದ್ದೆ, ತಪ್ಪಿದ ಮಾತ್ರೆ, ತೂಕ, ಡಾಕ್ಟರಿಗೆ ಕೇಳಬೇಕಾದ್ದು. ಬರೆಯುವವನು ಅವನೇ. ಹತ್ತು ನಿಮಿಷದ ಭೇಟಿಯಲ್ಲಿ ಆ ಪುಸ್ತಕವೇ ಅರ್ಧ ಮಾತಾಡುತ್ತದೆ.

ಕೊನೆಗೆ ಕಾನೂನೂ ಬಂತು. 1912ರ ಕಾಯಿದೆಯ ಜಾಗಕ್ಕೆ 1987ರದು, ಅದರ ಜಾಗಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. ನಡುವೆ 2001ರಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ ಸರಪಳಿಯಲ್ಲಿದ್ದ 28 ಮಂದಿ ಬೆಂಕಿಗೆ ಬಲಿಯಾದದ್ದನ್ನು ಮರೆಯಲಾಗದು. ಹೊಸ ಕಾಯಿದೆ ಸರಪಳಿಯನ್ನು ನಿಷೇಧಿಸಿದೆ. ಅದಕ್ಕಿಂತ ನನಗೆ ಹಿಡಿಸಿದ್ದು ಅದರ 5ನೇ ಕಲಮು. ಸ್ವಸ್ಥವಾಗಿದ್ದಾಗಲೇ, ಮುಂದೆ ಕಾಯಿಲೆ ಜೋರಾದರೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಎಂದು ಬರೆದಿಡಬಹುದು. ತುರ್ತು ಚಿಕಿತ್ಸೆಗೆ ಅದು ಅಡ್ಡಿಯಲ್ಲ. ಡಾಕ್ಟರ ಜೊತೆ ಕೂತು ಬರೆದರಂತೂ ಇನ್ನೂ ಒಳ್ಳೆಯದು.

ಆ ಕಾಗದದ ಕೆಳಗೆ ಸಹಿ ಹಾಕಬೇಕಾದವನು ರೋಗಿಯೇ. ಕೈ ಸ್ವಲ್ಪ ನಡುಗಿದ್ದರೂ ನಡೆಯುತ್ತದೆ.