ಪೆಟ್ಟಿಗೆ ಬಿಟ್ಟ ಸ್ಪೀಕರ್: ಬಾಡಿಗೆ ಕಟ್ಟೋರು ಯಾರು?

ಇವತ್ತಿನ ಸಂಚಿಕೆ ಸ್ಪೀಕರ್ ಬಗ್ಗೆ. ಸ್ಪೀಕರ್ ಅಂದ ಕೂಡ್ಲೆ ನಮ್ಮ ಕಣ್ಣಿಗೆ ಬರೋದು ಒಂದು ಪೆಟ್ಟಿಗೆ. ಗಣೇಶನ ಪೆಂಡಾಲಿನಲ್ಲಿ ಒಂದರ ಮೇಲೊಂದು ಪೇರಿಸಿರೋದೂ ಪೆಟ್ಟಿಗೆ, ನಿಮ್ಮ ಟೇಬಲ್ ಮೇಲಿರೋ ಬ್ಲೂಟೂತ್ ಸ್ಪೀಕರ್ ಕೂಡ ಪುಟ್ಟ ಪೆಟ್ಟಿಗೆನೇ. ಆದರೆ ಸುಮಾರು ನೂರು ವರ್ಷಗಳಿಂದ ಕೆಲವು ಎಂಜಿನಿಯರುಗಳಿಗೆ ಒಂದೇ ಹಠ: ಈ ಪೆಟ್ಟಿಗೆ ಬೇಡ, ಒಂದು ತೆಳು ಹಾಳೆ ಸಾಕು. ಇದು ಆ ಹಠದ ಕಥೆ. ಜೊತೆಗೆ, ಆ ಹಾಳೆ ನಿಮ್ಮ ಮನೆಗೆ ಬಂದ್ರೆ ಎಲ್ಲಿಡಬೇಕು, ಅದಕ್ಕೆ ಏನು ಖರ್ಚು ಅನ್ನೋ ಲೆಕ್ಕ.

ಮೊದಲು, ಪೆಟ್ಟಿಗೆ ಯಾಕೆ ಬಂತು ಅಂತ ನೋಡೋಣ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಒಂದು ಪ್ರಬಂಧ ಪ್ರಕಟಿಸಿದರು. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಕೋನ್. ಇವತ್ತಿಗೂ ಬಹುಪಾಲು ಸ್ಪೀಕರ್‌ಗಳು ನಡೆಯೋದು ಇದೇ ದಾರಿಯಲ್ಲಿ. ಆದರೆ ಇದಕ್ಕೊಂದು ತೊಂದರೆ ಇದೆ. ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತೆ, ಅದೇ ಕ್ಷಣ ಹಿಂದಿನ ಗಾಳಿಯ ಒತ್ತಡ ಇಳಿಯುತ್ತೆ. ಬೇಸ್ ಅಲೆಗಳು ಉದ್ದ. 50 ಹರ್ಟ್ಸ್ ಸ್ವರದ ಒಂದು ಅಲೆ ಸುಮಾರು 7 ಮೀಟರ್. ಅಷ್ಟು ಉದ್ದದ ಅಲೆಗೆ ಸಣ್ಣ ಕೋನ್ ಒಂದು ಅಡ್ಡಿನೇ ಅಲ್ಲ, ಹಿಂದಿನದು ಅಂಚು ಸುತ್ತಿ ಬಂದು ಮುಂದಿನದನ್ನು ಅಳಿಸಿಬಿಡುತ್ತೆ. ನಾನು ಬಿ.ಕಾಂ ಓದಿದವನು, ನನ್ನ ಭಾಷೆಯಲ್ಲಿ ಹೇಳೋದಾದ್ರೆ, ಮುಂದೆ ಜಮಾ ಆದದ್ದು ಹಿಂದೆ ಖರ್ಚಾಗಿ ಬಾಕಿ ಸೊನ್ನೆ. ಹಾಗಾಗಿ ಹಿಂದಿನ ಸದ್ದನ್ನು ಒಂದು ಪೆಟ್ಟಿಗೆಯೊಳಗೆ ಕೂಡಿಹಾಕಿದರು.

ಸರಿ, ಬೇಸ್ ಉಳೀತು. ಆದರೆ ಪೆಟ್ಟಿಗೆ ಸುಮ್ಮನಿರಲ್ಲ. ಅದರ ಹಲಗೆಗಳೂ ನಡುಗುತ್ತವೆ, ಒಳಗೆ ಸಿಕ್ಕಿಕೊಂಡ ಸದ್ದು ಕೋನ್ ಮೂಲಕವೇ ಹೊರಗೆ ಬರುತ್ತೆ. ತಂಬೂರಿ ಜೊತೆ ಆ ಮರದ ಡಬ್ಬಿಯೂ ಸ್ವಲ್ಪ ಹಾಡುತ್ತೆ ಅನ್ನಿ.

ಹಾಳೆಯ ಯೋಚನೆ ಹುಟ್ಟಿದ್ದು ಇಲ್ಲಿಂದ. ಕೋನ್ ಸ್ಪೀಕರ್ ಕೊಟ್ಟ ಅದೇ ಕೆಲಾಗ್ 1934ರಲ್ಲಿ ಹಾಳೆ ಸ್ಪೀಕರ್‌ಗೂ ಪೇಟೆಂಟ್ ಪಡೆದರು. ತತ್ವ ಸರಳ. ಚಳಿಗಾಲದಲ್ಲಿ ಬಾಚಣಿಗೆಯನ್ನ ತಲೆಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿದರೆ ಚೂರುಗಳು ಹಾರಿ ಬಂದು ಅಂಟಿಕೊಳ್ಳುತ್ತವಲ್ಲ, ಅದೇ ಸ್ಥಿರ ವಿದ್ಯುತ್ತು. ತೂತುಗಳಿರೋ ಎರಡು ಫಲಕಗಳ ನಡುವೆ ಕೂದಲಿಗಿಂತ ತೆಳುವಾದ ಹಾಳೆ ಬಿಗಿದು, ಹಾಳೆಗೆ ಸಾವಿರಾರು ವೋಲ್ಟಿನ ಚಾರ್ಜ್ ಕೊಡಬೇಕು. ಫಲಕಗಳಿಗೆ ಹಾಡಿನ ಸಿಗ್ನಲ್ ಕೊಟ್ಟರೆ ಒಂದು ಎಳೆಯುತ್ತೆ, ಇನ್ನೊಂದು ತಳ್ಳುತ್ತೆ. ಕೋನ್‌ನಲ್ಲಿ ಮಧ್ಯದ ಸುರುಳಿ ಮಾತ್ರ ತಳ್ಳುತ್ತೆ. ಇಲ್ಲಿ ಹಾಳೆಯ ಇಡೀ ಮೈಗೆ ಒಟ್ಟಿಗೇ ಬಲ ಬೀಳುತ್ತೆ. ಹಾಳೆ ಎಷ್ಟು ಹಗುರ ಅಂದ್ರೆ, ಸಿಗ್ನಲ್ ನಿಂತ ಕೂಡ್ಲೆ ಅದೂ ನಿಲ್ಲುತ್ತೆ. ಚೆಂಡೆಯ ಪೆಟ್ಟು ಪೆಟ್ಟಿನ ಹಾಗೇ ಕೇಳುತ್ತೆ, ಅದರ ಹಿಂದೆ ಬಾಲ ಇರಲ್ಲ.

ಕಾಗದದ ಮೇಲೆ ಚೆಂದವಾಗಿದ್ದ ಈ ಯೋಚನೆ ಮನೆ ಬಾಗಿಲಿಗೆ ಬರೋಕೆ ಎರಡು ದಶಕ ಬೇಕಾಯ್ತು. ತೆಳುವಾದ, ಗಟ್ಟಿಯಾದ ಪ್ಲಾಸ್ಟಿಕ್ ಹಾಳೆ ಸಿಕ್ಕಿದ್ದು ಎರಡನೇ ಮಹಾಯುದ್ಧದ ನಂತರ. ಇನ್ನೊಂದು ತೊಡಕೂ ಇತ್ತು. ಹಾಳೆ ಅಲುಗಾಡಿದಾಗ ಚಾರ್ಜ್ ಕೂಡ ಅತ್ತಿತ್ತ ಹರಿದಾಡಿ ಸದ್ದು ಕೆಡುತ್ತಿತ್ತು. ಇಂಗ್ಲೆಂಡಿನ ಪೀಟರ್ ವಾಕರ್ ಮತ್ತು ಡಿ.ಟಿ.ಎನ್. ವಿಲಿಯಮ್ಸನ್ ಇದನ್ನ ಬಗೆಹರಿಸಿದರು. ಚಾರ್ಜ್ ಸುಲಭವಾಗಿ ಹರಿಯದಂಥ ಲೇಪನ ಹಾಳೆಗೆ ಕೊಟ್ಟರು. ಚಾರ್ಜ್ ಇದ್ದಲ್ಲೇ ಇರುತ್ತೆ, ಹಾಳೆ ಎಲ್ಲೇ ಇದ್ದರೂ ಬಲ ಸಿಗ್ನಲ್‌ಗೆ ತಕ್ಕಷ್ಟೇ ಬೀಳುತ್ತೆ. ವಾಕರ್ 1955ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಈ ವಿಷಯ ವಿವರಿಸಿ ಬರೆದರು. ತಮ್ಮ ಲೆಕ್ಕಾಚಾರವನ್ನ ಎದುರಾಳಿಗಳ ಕೈಗೂ ಸಿಗೋ ಹಾಗೆ ಇಟ್ಟರು ಅನ್ನೋದು ನನಗೆ ತುಂಬಾ ಹಿಡಿಸಿದ ಸಂಗತಿ.

1957ರಲ್ಲಿ ಹಂಟಿಂಗ್‌ಡನ್ ಊರಿನ ಅವರ ಕಾರ್ಖಾನೆಯಿಂದ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಮಾರಾಟಕ್ಕೆ ಬಂತು. ನೋಡೋಕೆ ಅಗಲವಾದ ರೂಮ್ ಹೀಟರ್ ಥರ. ಆದರೆ 1985ರವರೆಗೂ, ಅಂದ್ರೆ 28 ವರ್ಷ, ತಯಾರಾಗ್ತಾನೇ ಇತ್ತು. ಮುಂದಿನ ಮಾದರಿಯ ಕೆಲಸ 1963ರಲ್ಲಿ ಶುರುವಾಯ್ತು, ಅದಕ್ಕೇ ಹೆಸರು ಇಎಸ್‌ಎಲ್-63. ಮಾರುಕಟ್ಟೆಗೆ ಬಂದಿದ್ದು 1981ರಲ್ಲಿ! ಕೆರೆಗೆ ಕಲ್ಲು ಹಾಕಿದರೆ ಬಳೆ ಬಳೆಯಾಗಿ ಅಲೆ ಹರಡುತ್ತಲ್ಲ, ಹಾಗೆ ಮಧ್ಯದ ವೃತ್ತ ಮೊದಲು, ಹೊರಗಿನ ಬಳೆಗಳು ಸ್ವಲ್ಪ ಸ್ವಲ್ಪ ತಡವಾಗಿ ಸದ್ದು ಮಾಡೋ ವ್ಯವಸ್ಥೆ ಅದರಲ್ಲಿತ್ತು. ಚಪ್ಪಟೆ ಹಾಳೆಯಾದರೂ ಸದ್ದು ಅದರ ಹಿಂದಿನ ಒಂದು ಬಿಂದುವಿನಿಂದ ಬಂದ ಹಾಗೆ ಕೇಳುತ್ತೆ.

ಅಮೆರಿಕದಲ್ಲಿ ಜಿಮ್ ವೈನಿ ಅನ್ನೋ 3ಎಂ ಕಂಪನಿಯ ಎಂಜಿನಿಯರ್ ಬೇರೆ ದಾರಿ ಹಿಡಿದರು. ಸಾವಿರಾರು ವೋಲ್ಟ್ ಬೇಡ, ಹಾಳೆಗೇ ತಂತಿ ಅಂಟಿಸಿ ಅದರ ಮುಂದೆ ಅಯಸ್ಕಾಂತದ ಪಟ್ಟಿಗಳ ಸಾಲು ಇಡೋಣ ಅಂದರು. 1969ರಲ್ಲಿ ಮಿನ್ನೆಸೋಟಾದಲ್ಲಿ ಮ್ಯಾಗ್ನೆಪಾನ್ ಕಂಪನಿ ಶುರುವಾಯ್ತು.

ಈಗ ಮನೆಗೆ ಬರೋಣ. ಪೆಟ್ಟಿಗೆ ತೆಗೆದಿದ್ದೇನೋ ಆಯ್ತು, ಆದರೆ ಹಿಂದಿನ ಸದ್ದು ಎಲ್ಲಿ ಹೋಯ್ತು? ಅದು ನಿಮ್ಮ ರೂಮಿಗೆ ಬಂತು. ಹಾಳೆ ಮುಂದೆ ಎಷ್ಟು ಹಾಡುತ್ತೋ ಹಿಂದೆಯೂ ಅಷ್ಟೇ ಹಾಡುತ್ತೆ. ಹಿಂದಿನ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತೆ. ಸ್ಪೀಕರ್ ಗೋಡೆಯಿಂದ 30 ಸೆಂಟಿಮೀಟರ್ ದೂರ ಇದ್ದರೆ ಆ ಪ್ರತಿಫಲನ 2 ಮಿಲಿಸೆಕೆಂಡಿಗೂ ಮುಂಚೆ ಬಂದು ಮೂಲ ಸದ್ದಿಗೆ ಬೆರೆತು ರಾಡಿ ಮಾಡುತ್ತೆ. 1 ಮೀಟರ್ ಬಿಟ್ಟರೆ ಹೋಗಿ ಬರೋ ದಾರಿ 2 ಮೀಟರ್, ಸುಮಾರು 6 ಮಿಲಿಸೆಕೆಂಡ್. ಆಗ ನಮ್ಮ ಕಿವಿ ಅದನ್ನ ರಾಡಿ ಅಂತ ಅಲ್ಲ, ಜಾಗದ ಆಳ ಅಂತ ಗ್ರಹಿಸೋಕೆ ಶುರು ಮಾಡುತ್ತೆ. ಗಾಯಕಿಯ ಹಿಂದೆ ಒಂದು ವೇದಿಕೆ ಇದೆ ಅನ್ನಿಸೋದು ಇದರಿಂದಲೇ.

ಹಾಗಾಗಿ ಮೊದಲ ನಿಯಮ: ಹಿಂದೆ ಮೂರು ಅಡಿ ಖಾಲಿ ಬಿಡಿ. ಎರಡನೇದು: ಅಗಲವಾದ ಹಾಳೆಯಿಂದ ತೀಕ್ಷ್ಣ ಸ್ವರಗಳು ಟಾರ್ಚಿನ ಬೆಳಕಿನ ಥರ ನೇರ ಹೋಗುತ್ತವೆ. ಅದಕ್ಕೆ ಎರಡೂ ಸ್ಪೀಕರ್‌ಗಳನ್ನ ನೀವು ಕೂರೋ ಕಡೆಗೆ ಸ್ವಲ್ಪ ತಿರುಗಿಸಿ, ಎರಡರಿಂದಲೂ ಸಮದೂರದಲ್ಲಿ ಕೂತ್ಕೊಳ್ಳಿ. ಮೂರನೇದು ಖುಷಿಯ ವಿಷಯ: ಹಾಳೆಯ ಪಕ್ಕಕ್ಕೆ ಸದ್ದು ತುಂಬಾ ಕಮ್ಮಿ, ಯಾಕಂದ್ರೆ ಅಲ್ಲಿ ಹಿಂದಿನದು ಮುಂದಿನದನ್ನ ಅಳಿಸುತ್ತೆ. ಪಕ್ಕದ ಗೋಡೆ ಹತ್ತಿರ ಇದ್ದರೂ ಅಷ್ಟು ತೊಂದರೆ ಇಲ್ಲ. ನಾಲ್ಕನೇದು ಎಚ್ಚರಿಕೆ: ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್‌ನ ಜಾಲರಿ ಬಿಚ್ಚಲೇಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಚಾರ್ಜ್ ಉಳಿದಿರಬಹುದು. ಹಳೇ ಕ್ವಾಡ್‌ಗೆ ದೊಡ್ಡ ಆಂಪ್ಲಿಫೈಯರ್ ಹಾಕಿ ಜೋರು ಮಾಡಿದರೆ ಒಳಗೆ ಕಿಡಿ ಹಾರಿ ಹಾಳೆಯೇ ಸುಟ್ಟುಹೋಗಬಹುದು. ಅದನ್ನ ಮಾಡಿದ್ದೇ 15 ವ್ಯಾಟಿನ ಆಂಪ್ಲಿಫೈಯರ್ ಕಾಲದಲ್ಲಿ. ಮಂಗಳೂರು, ಕಾರವಾರದ ಕಡೆಯವರು ಇನ್ನೂ ಹುಷಾರು: ಧೂಳಿನ ಮೇಲೆ ತೇವ ಕೂತರೆ ಚಾರ್ಜ್ ಸೋರಿಹೋಗುತ್ತೆ.

ಈಗ ನನ್ನ ಲೆಕ್ಕ. ನಿಮ್ಮದು 10ಕ್ಕೆ 12 ಅಡಿಯ ರೂಮ್ ಅಂದ್ಕೊಳ್ಳಿ, 120 ಚದರ ಅಡಿ. ಹಿಂದೆ ಬಿಟ್ಟ ಮೂರು ಅಡಿ ಅಂದ್ರೆ 30 ಚದರ ಅಡಿ. ರೂಮಿನ ಕಾಲು ಭಾಗ! ಬಾಡಿಗೆಯ ಕಾಲು ಭಾಗ ಖಾಲಿ ಗಾಳಿಗೆ ಕಟ್ಟಿದ ಹಾಗೆ. ಪೆಟ್ಟಿಗೆ ಅನ್ನೋದು ಕಾರ್ಖಾನೆಯವರು ಹಿಂದಿನ ಸದ್ದಿಗೆ ಕಟ್ಟಿಕೊಟ್ಟ ಪುಟ್ಟ ರೂಮು. ಅದನ್ನ ತೆಗೆದರೆ ಆ ರೂಮು ನೀವು ಕೊಡಬೇಕು. ಹಾಳೆ ಸ್ಪೀಕರ್ ಮನೆ ಮನೆಗೆ ಬರದೇ ಇದ್ದಿದ್ದಕ್ಕೆ ಬೆಲೆಯಷ್ಟೇ ಇದೂ ಕಾರಣ ಅಂತ ನನ್ನ ಅಭಿಪ್ರಾಯ.

ಹಾಗಾದ್ರೆ ಕಥೆ ಮುಗೀತಾ? ಇಲ್ಲ. ಫೋನನ್ನ ವೈಬ್ರೇಟ್‌ನಲ್ಲಿಟ್ಟು ಮರದ ಮೇಜಿನ ಮೇಲಿಡಿ, ಮೇಜೇ ಗುರ್ ಅನ್ನುತ್ತೆ. ಗಟ್ಟಿ ಹಲಗೆಯನ್ನ ಬೇಕಾದ ಕಡೆ ನಡುಗಿಸಿ ಹಾಡಿಸೋ ಈ ವಿದ್ಯೆಯನ್ನ 1990ರ ದಶಕದಲ್ಲಿ ಬ್ರಿಟನ್ನಿನ ಎನ್‌ಎಕ್ಸ್‌ಟಿ ಬೆಳೆಸಿತು. 2017ರಲ್ಲಿ ಸೋನಿ ಟಿವಿಯ ಪರದೆಯನ್ನೇ ಸ್ಪೀಕರ್ ಮಾಡಿತು, 2019ರಲ್ಲಿ ಎಲ್‌ಜಿ ಜಿ8 ಫೋನಿನ ಪರದೆಯೂ ಮಾತಾಡಿತು. ಗಮನಿಸಿ, ಇಲ್ಲಿ ಚಪ್ಪಟೆ ಬೇಕಾಗಿದ್ದು ಜಾಗ ಉಳಿಸೋಕೆ. ವಾಕರ್‌ಗೆ ಬೇಕಾಗಿದ್ದು ಸದ್ದು ಉಳಿಸೋಕೆ, ಅದಕ್ಕೆ ಜಾಗ ಖರ್ಚಾದರೂ ಸರಿ. ಎರಡೂ ಚಪ್ಪಟೆಯೇ, ಲೆಕ್ಕ ಮಾತ್ರ ಉಲ್ಟಾ.

ಸೆಕೆಂಡ್ ಹ್ಯಾಂಡ್ ಹಾಳೆ ಸ್ಪೀಕರ್ ಮೇಲೆ ಕಣ್ಣು ಹಾಕಿರೋರಿಗೆ ಒಂದು ಮಾತು. ದುಡ್ಡು ಕೊಡೋಕೆ ಮುಂಚೆ ಗೋಡೆಯಿಂದ ಮೂರು ಅಡಿಗೆ ನೆಲದ ಮೇಲೆ ಟೇಪ್ ಅಂಟಿಸಿ. ಒಂದು ವಾರ ಆ ಗೆರೆಯ ಆಚೆ ಮಂಚ, ಬೀರು, ಬಟ್ಟೆ ಒಣಗಿಸೋ ಸ್ಟ್ಯಾಂಡ್ ಏನೂ ಇಡಬೇಡಿ. ಮನೆಯವರು ಒಪ್ಪಿದ್ರೆ ತಗೊಳ್ಳಿ, ಕಿವಿಗೆ ಹಬ್ಬ. ಒಪ್ಪದಿದ್ರೆ ಒಳ್ಳೇ ಪೆಟ್ಟಿಗೆ ಸ್ಪೀಕರ್ ಹುಡುಕಿ, ಅದರಲ್ಲಿ ನಾಚಿಕೆ ಏನಿಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.